ಹಳೆ ಜೀಪಿನ ಪ್ರೊಪೆಲ್ಲರ್ ಶಾಫ್ಟ್: ಬಿಚ್ಚುವ ಮುನ್ನ ಒಂದು ಗುರುತು ಹಾಕಿ

ಕ್ರಾಸ್ ಹೊಸದು, ಗ್ರೀಸ್ ಹೊಸದು, ಮೆಕ್ಯಾನಿಕ್‌ಗೆ ಕೂಲಿಯೂ ಕೊಟ್ಟಾಯಿತು. ಆದರೂ ಗಾಡಿ ನಲವತ್ತರ ವೇಗಕ್ಕೆ ಬರುತ್ತಿದ್ದಂತೆ ಕಾಲಡಿಯ ತಗಡು ಗುಂಯ್‌ಗುಡುತ್ತದೆ, ಗೇರ್ ಲಿವರ್ ನಡುಗುತ್ತದೆ. ರಿಪೇರಿಗೆ ಮೊದಲು ಇಲ್ಲದ ನಡುಕ ರಿಪೇರಿಯ ನಂತರ ಬಂತೆಂದರೆ ಯಾರನ್ನು ಬಯ್ಯುವುದು? ಸಾಮಾನ್ಯವಾಗಿ ಬೈಗುಳ ಬೀಳುವುದು ಬಿಡಿಭಾಗದ ಅಂಗಡಿಯವನಿಗೆ. 'ಡೂಪ್ಲಿಕೇಟ್ ಕ್ರಾಸ್ ಕೊಟ್ಟಿದ್ದಾನೆ' ಎಂದು ಹೇಳಿ ಇನ್ನೊಂದು ತರಿಸಿ ಹಾಕುತ್ತಾರೆ. ನಡುಕ ಮಾತ್ರ ಹೋಗುವುದಿಲ್ಲ.

ಬಹಳಷ್ಟು ಸಲ ದೋಷ ಕ್ರಾಸ್‌ನದ್ದಲ್ಲ. ಶಾಫ್ಟನ್ನು ಎರಡು ತುಂಡಾಗಿ ಎಳೆದು ತೆಗೆದವರು ಮತ್ತೆ ಸೇರಿಸುವಾಗ ಒಂದೆರಡು ಹಲ್ಲು ಆಚೀಚೆ ಕೂಡಿಸಿರುತ್ತಾರೆ. ಇಲ್ಲವೇ ಹಿಂದಿನ ಹೌಸಿಂಗ್ ಕೂತಿರುವ ಓರೆ ಬದಲಾಗಿರುತ್ತದೆ. ಎರಡೂ ಕಣ್ಣಿಗೆ ಸುಲಭವಾಗಿ ಕಾಣುವಂಥದ್ದಲ್ಲ. ಆದರೆ ಬಿಚ್ಚುವ ಮೊದಲು ಒಂದು ಗೆರೆ ಎಳೆದರೆ ಮೊದಲನೆಯದನ್ನೂ, ಕೂಡಿಸಿದ ಮೇಲೆ ಹತ್ತು ನಿಮಿಷ ಅಳತೆ ಮಾಡಿದರೆ ಎರಡನೆಯದನ್ನೂ ತಪ್ಪಿಸಬಹುದು. ಅದು ಹೇಗೆ, ಯಾಕೆ ಎಂಬುದನ್ನು ಇಲ್ಲಿ ನೋಡೋಣ.

ಗುಡ್ಡದೂರುಗಳ ಹಳೆ ನಂಟ

ಕಾಸರಗೋಡಿನ ಒಳನಾಡು, ವಯನಾಡು, ನೀಲಗಿರಿ, ತಾಳವಾಡಿಯ ಬೆಟ್ಟದ ಹಳ್ಳಿಗಳಿಗೆ ಜೀಪು ಹೊಸಬನಲ್ಲ. ಬಸ್ಸು ಹೋಗದ ದಾರಿಯಲ್ಲಿ ಅಡಿಕೆ, ಕಾಫಿ, ಕಾಳುಮೆಣಸು, ಗೊಬ್ಬರದ ಮೂಟೆ, ಹೆರಿಗೆಗೆ ಹೊರಟ ಹೆಂಗಸರು, ಶಾಲೆ ಮಕ್ಕಳು ಎಲ್ಲರನ್ನೂ ಹೊತ್ತದ್ದು ಇದೇ ಗಾಡಿ. ಅಮೆರಿಕದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಬಿಡಿಭಾಗ ತರಿಸಿ ಜೋಡಿಸಲು ಆರಂಭಿಸಿತು. ಬಾನೆಟ್ಟು ಎತ್ತರವಿರುವ ಸಿಜೆ-3ಬಿ ನಮೂನೆ ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾಯಿತು. ಅಲ್ಲಿ ನಿಂತ ಮೇಲೂ ನಮ್ಮಲ್ಲಿ ಅದೇ ಮೈಕಟ್ಟಿನ ಜೀಪುಗಳು ಬಹಳ ವರ್ಷ ಬಂದವು.

ಹೀಗಾಗಿ ಇಂದಿಗೂ ಕೆಲವು ಮನೆಗಳ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಜೀಪು ಇದೆ. ಕೆಲವರಿಗೆ ಅದು ಅಭಿಮಾನ, ಕೆಲವರಿಗೆ ಇನ್ನೂ ಅನ್ನ. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದರೆ 'ಈ ಗಾಡಿ ನಮಗೆ ಗೊತ್ತಿಲ್ಲ' ಎನ್ನುವ ಹುಡುಗರೇ ಹೆಚ್ಚು. ಊರಿನ ಹಳೆ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಸ್ಪ್ಯಾನರ್ ಕೆಳಗಿಡುತ್ತಿದ್ದಾರೆ. ಆದ್ದರಿಂದ ಗಾಡಿಯವರೇ ಒಂದಿಷ್ಟು ತಿಳಿದಿರುವುದು ಒಳ್ಳೆಯದು.

ಯಾವುದು ಎಲ್ಲಿದೆ?

ಎಂಜಿನ್, ಅದರ ಹಿಂದೆ ಗೇರ್ ಬಾಕ್ಸ್, ಅದಕ್ಕೆ ಅಂಟಿಕೊಂಡು ಟ್ರಾನ್ಸ್‌ಫರ್ ಬಾಕ್ಸ್. ಫೋರ್ ವೀಲ್ ಜೀಪಿನಲ್ಲಿ ಈ ಟ್ರಾನ್ಸ್‌ಫರ್ ಬಾಕ್ಸ್‌ನಿಂದ ಎರಡು ಶಾಫ್ಟ್ ಹೊರಡುತ್ತವೆ. ಒಂದು ಮುಂದಿನ ಹೌಸಿಂಗ್‌ಗೆ, ಇನ್ನೊಂದು ಹಿಂದಿನ ಹೌಸಿಂಗ್‌ಗೆ. ಇವೇ ಪ್ರೊಪೆಲ್ಲರ್ ಶಾಫ್ಟ್‌ಗಳು.

ಎಂಜಿನ್ ಚಾಸಿಗೆ ಕಟ್ಟಿದ್ದು, ಅಲುಗಾಡುವುದಿಲ್ಲ. ಹೌಸಿಂಗ್ ಇರುವುದು ಪ್ಲೇಟ್ ಸ್ಪ್ರಿಂಗ್ ಮೇಲೆ. ಗುಂಡಿ ಬಂದಾಗಲೆಲ್ಲ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆಡದ ಒಂದು ತುದಿಯಿಂದ ಆಡುವ ಇನ್ನೊಂದು ತುದಿಗೆ ತಿರುಗುವ ಬಲವನ್ನು ಮುಟ್ಟಿಸಬೇಕಾದರೆ ಶಾಫ್ಟಿಗೆ ಎರಡು ಗುಣ ಬೇಕು. ಅದು ಬಾಗಬೇಕು, ಉದ್ದ ಹೆಚ್ಚುಕಮ್ಮಿ ಆಗಬೇಕು.

ಬಾಗುವ ಕೆಲಸ ಎರಡು ತುದಿಯ ಕ್ರಾಸ್‌ಗಳದ್ದು. ಕೂಡಿಸುವ ಚಿಹ್ನೆಯಂತೆ ನಾಲ್ಕು ತೋಳಿನ ಉಕ್ಕಿನ ತುಂಡು. ಪ್ರತಿ ತೋಳಿಗೂ ಒಂದು ಬಟ್ಟಲು. ಬಟ್ಟಲಿನ ಒಳಸುತ್ತಿನಲ್ಲಿ ಸೂಜಿಯಂಥ ಸಣ್ಣ ರೋಲರುಗಳು. ಎರಡು ಎದುರುಬದುರಿನ ತೋಳು ಶಾಫ್ಟಿನ ಕವಲಿಗೆ, ಉಳಿದೆರಡು ಟ್ರಾನ್ಸ್‌ಫರ್ ಬಾಕ್ಸ್ ಅಥವಾ ಹೌಸಿಂಗ್ ಕಡೆಯ ಕವಲಿಗೆ. ಈ ಕವಲನ್ನು ಗ್ಯಾರೇಜಿನಲ್ಲಿ ಯೋಕ್ ಎನ್ನುತ್ತಾರೆ.

ಉದ್ದ ಹೆಚ್ಚುಕಮ್ಮಿಯಾಗುವ ಕೆಲಸ ಸ್ಲಿಪ್ ಜಾಯಿಂಟಿನದ್ದು. ಶಾಫ್ಟಿನ ಒಂದು ತುದಿಯಲ್ಲಿ ಉದ್ದುದ್ದ ಹಲ್ಲುಗಳಿವೆ. ಅದಕ್ಕೆ ಸರಿಹೊಂದುವ ಒಳಹಲ್ಲಿನ ಯೋಕ್ ಅದರ ಮೇಲೆ ಜಾರುತ್ತದೆ. ನಡುಕದ ಕತೆ ಶುರುವಾಗುವುದು ಇಲ್ಲಿಂದಲೇ. ಈ ಯೋಕನ್ನು ಎಳೆದು ತೆಗೆದರೆ ಯಾವ ಹಲ್ಲಿಗೆ ಬೇಕಾದರೂ ಮತ್ತೆ ಕೂಡಿಸಬಹುದು. ಎಲ್ಲ ಹಲ್ಲಿಗೂ ಅದು ಸಲೀಸಾಗಿ ಕೂಡುತ್ತದೆ. ಆದರೆ ಸರಿಯಾಗಿ ಓಡುವುದು ಸರಿಯಾದ ಜಾಗದಲ್ಲಿ ಕೂತಾಗ ಮಾತ್ರ.

ಕ್ರಾಸ್‌ನ ಒಂದು ಸ್ವಭಾವ

ಈ ಜಾಯಿಂಟಿಗೆ ಕಾರ್ಡನ್ ಜಾಯಿಂಟ್ ಎಂಬ ಹೆಸರು ಬಂದದ್ದು 16ನೇ ಶತಮಾನದ ಇಟಲಿಯ ಪಂಡಿತ ಜಿರೊಲಾಮೊ ಕಾರ್ಡಾನೊ ಅವರಿಂದ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಇದನ್ನು ಆಕಾಶ ನೋಡುವ ಉಪಕರಣಗಳಿಗೆ ಬಳಸುವಾಗ ಒಂದು ವಿಚಿತ್ರ ಗಮನಿಸಿದರು: ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಸಮವೇಗದಲ್ಲಿ ತಿರುಗುವುದಿಲ್ಲ! ಮೋಟಾರು ಗಾಡಿಗೆ ಹೊಂದುವಂತೆ ಇದನ್ನು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಕ್ರಾಸ್ ಡಬ್ಬಿಗಳ ಮೇಲೆ ಇಂದಿಗೂ ಕಾಣುವ 'ಸ್ಪೈಸರ್' ಎಂಬ ಹೆಸರು ಅವರದ್ದೇ.

ಹುಕ್ ಕಂಡ ಆ ವಿಚಿತ್ರವೇ ನಮ್ಮ ಜೀಪಿನ ನಡುಕಕ್ಕೂ ಮೂಲ. ಕ್ರಾಸ್ ನೇರವಾಗಿದ್ದರೆ ತೊಂದರೆಯಿಲ್ಲ. ಓರೆಯಾಗಿ ತಿರುಗುವಾಗ ಅದರ ಆಚೆಯ ಶಾಫ್ಟು ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿಕೊಳ್ಳುತ್ತದೆ, ಎರಡು ಸಲ ತಗ್ಗಿಸಿಕೊಳ್ಳುತ್ತದೆ. ಓರೆ 10 ಡಿಗ್ರಿ ಇದ್ದರೆ, ಈ ಕಡೆ ವೇಗ 100 ಎಂದಿಟ್ಟುಕೊಂಡಾಗ, ಆ ಕಡೆ 98.5 ಮತ್ತು 101.5ರ ನಡುವೆ ಏರಿಳಿಯುತ್ತದೆ. ಓರೆ 20 ಡಿಗ್ರಿಯಾದರೆ 94ರಿಂದ 106ರವರೆಗೆ. ಓರೆ ಎರಡು ಪಟ್ಟಾದರೆ ಏರಿಳಿತ ನಾಲ್ಕು ಪಟ್ಟು.

ಇದೇನು ಮಹಾ ಎನ್ನಬೇಡಿ. 6.00-16 ಟಯರ್, 5.38ರ ಕ್ರೌನ್ ಪಿನಿಯನ್ ಇರುವ ಸಿಜೆ-3ಬಿ ಗಂಟೆಗೆ 40 ಕಿ.ಮೀ. ಓಡುವಾಗ ಶಾಫ್ಟು ನಿಮಿಷಕ್ಕೆ ಸುಮಾರು 1,600 ಸುತ್ತು ತಿರುಗುತ್ತದೆ. ಸುತ್ತಿಗೆ ಎರಡರಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಐವತ್ತಕ್ಕಿಂತ ಹೆಚ್ಚು ಪೆಟ್ಟು. ತೂಕದ ಗಾಡಿ ಸೆಕೆಂಡಿಗೆ ಐವತ್ತು ಸಲ ವೇಗ ಬದಲಿಸಲಾರದು. ಹಾಗಾಗಿ ಆ ಪೆಟ್ಟನ್ನೆಲ್ಲ ತಿನ್ನುವುದು ಪಿನಿಯನ್ ಬೇರಿಂಗ್, ಟ್ರಾನ್ಸ್‌ಫರ್ ಬಾಕ್ಸ್‌ನ ಬೇರಿಂಗ್, ಗೇರಿನ ಹಲ್ಲು, ಆಯಿಲ್ ಸೀಲ್. ಕಾಲಡಿಯ ಗುಂಯ್ ಶಬ್ದ ಆ ಪೆಟ್ಟಿನದ್ದೇ.

ಹಾಗಾದರೆ ಎರಡು ಕ್ರಾಸ್ ಯಾಕೆ?

ಒಂದು ಕ್ರಾಸ್ ಮಾಡಿದ ಏರಿಳಿತವನ್ನು ಇನ್ನೊಂದು ಕ್ರಾಸ್ ಅಳಿಸಿಹಾಕಬೇಕು, ಅದಕ್ಕೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ನೆನಪಿಸಿಕೊಳ್ಳಿ. ಒಬ್ಬರದು ಏಳುವಾಗ ಇನ್ನೊಬ್ಬರದು ಇಳಿಯಬೇಕು. ತಾಳ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಶಾಫ್ಟಿನಲ್ಲೂ ಹಾಗೆಯೇ. ಮುಂದಿನ ಕ್ರಾಸ್ ವೇಗ ಹೆಚ್ಚಿಸಿದ ಹೊತ್ತಿಗೆ ಸರಿಯಾಗಿ ಹಿಂದಿನ ಕ್ರಾಸ್ ಅಷ್ಟನ್ನೇ ತಗ್ಗಿಸಬೇಕು. ಆಗ ಹೌಸಿಂಗ್ ಒಳಗಿನ ಪಿನಿಯನ್ ಸಮವೇಗದಲ್ಲಿ ತಿರುಗುತ್ತದೆ.

ಈ ತಾಳ ಕೂಡಬೇಕಾದರೆ ಎರಡು ಷರತ್ತು:

1. ಶಾಫ್ಟಿನ ಎರಡು ತುದಿಯ ಯೋಕ್‌ಗಳು ಒಂದೇ ನೇರದಲ್ಲಿರಬೇಕು. ಮುಂದಿನ ಯೋಕಿನ ಎರಡು ಕಿವಿ ಎಡ-ಬಲಕ್ಕೆ ಇದ್ದಾಗ ಹಿಂದಿನ ಯೋಕಿನ ಕಿವಿಗಳೂ ಎಡ-ಬಲಕ್ಕೇ ಇರಬೇಕು.

2. ಎರಡೂ ಕ್ರಾಸ್‌ಗಳ ಓರೆ ಸಮನಾಗಿರಬೇಕು.

ಮೊದಲನೆಯದು ಕೆಟ್ಟರೆ ಅಳಿಸಬೇಕಾದ ಏರಿಳಿತ ಕೂಡುತ್ತಾ ಹೋಗುತ್ತದೆ. ತಲಾ 10 ಡಿಗ್ರಿ ಓರೆಯ ಎರಡು ಕ್ರಾಸ್‌ಗಳು ಪರಸ್ಪರ 90 ಡಿಗ್ರಿ ತಪ್ಪಿ ಕೂತರೆ, ಪಿನಿಯನ್ ವೇಗ 97ರಿಂದ 103ರವರೆಗೆ ಹೊಯ್ದಾಡುತ್ತದೆ. ಸ್ಲಿಪ್ ಜಾಯಿಂಟಿನಲ್ಲಿ 16 ಹಲ್ಲುಗಳಿದ್ದರೆ ಒಂದು ಹಲ್ಲು ತಪ್ಪಿದರೆ 22.5 ಡಿಗ್ರಿ, ನಾಲ್ಕು ಹಲ್ಲು ತಪ್ಪಿದರೆ ಪೂರ್ತಿ 90 ಡಿಗ್ರಿ. ಎಂಟು ಹಲ್ಲು ತಪ್ಪಿದರೆ? ಅರ್ಧ ಸುತ್ತು ಆಗುವುದರಿಂದ ಯೋಕ್‌ಗಳು ಮತ್ತೆ ನೇರಕ್ಕೆ ಬರುತ್ತವೆ. ಆದರೆ ಕಾರ್ಖಾನೆಯಲ್ಲಿ ಮಾಡಿದ ತೂಕದ ಹೊಂದಾಣಿಕೆ ಕೆಡಬಹುದು. ಆದ್ದರಿಂದ ಇದ್ದಲ್ಲಿಗೇ ಕೂಡಿಸುವುದು ಲೇಸು.

ಗಾಡಿಯಡಿಗೆ ಹೋಗುವ ಮೊದಲು: ಹ್ಯಾಂಡ್‌ಬ್ರೇಕ್ ನಂಬಬೇಡಿ!

ಈ ಮಾತನ್ನು ಮನೆಯ ಹುಡುಗರಿಗೂ ಹೇಳಿ. ಹಳೆ ವಿಲ್ಲಿಸ್ ಮೈಕಟ್ಟಿನ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ. ಟ್ರಾನ್ಸ್‌ಫರ್ ಬಾಕ್ಸ್‌ನ ಹಿಂದೆ ಒಂದು ಡ್ರಮ್ಮಿದೆ. ಹ್ಯಾಂಡ್‌ಬ್ರೇಕ್ ಆ ಡ್ರಮ್ಮನ್ನು ಹಿಡಿಯುತ್ತದೆ, ಡ್ರಮ್ಮು ಶಾಫ್ಟನ್ನು ಹಿಡಿಯುತ್ತದೆ, ಶಾಫ್ಟು ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ನಡುವಿನ ಶಾಫ್ಟನ್ನೇ ತೆಗೆದರೆ? ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಹಿಂದಿನ ಚಕ್ರ ಸ್ವತಂತ್ರ. ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂಬ ಧೈರ್ಯವೂ ಸುಳ್ಳು, ಏಕೆಂದರೆ ಹಿಂದಿನ ಚಕ್ರಕ್ಕೆ ಗೇರಿನ ಹಿಡಿತ ಮುಟ್ಟುವುದೂ ಅದೇ ಶಾಫ್ಟಿನ ಮೂಲಕ.

ಆದ್ದರಿಂದ ಇಳಿಜಾರಿನ ಅಂಗಳದಲ್ಲಿ ಈ ಕೆಲಸ ಬೇಡವೇ ಬೇಡ. ಸಮತಟ್ಟು ನೆಲ ನೋಡಿ. ನಾಲ್ಕೂ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಅಥವಾ ಮರದ ದಿಮ್ಮಿ ಕೊಡಿ. ಎತ್ತಬೇಕಾದರೆ ಜಾಕ್ ಒಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಆಗದು, ಅವು ಒಮ್ಮೆಲೇ ಒಡೆಯುತ್ತವೆ.

ದಾರಿಯಲ್ಲೂ ಇದೇ ಸಂಗತಿ ಜೀವದ ಪ್ರಶ್ನೆ. ದಿಂಬಂ ಘಾಟಿಯ 27 ತಿರುವು, ಕಲ್ಲಟ್ಟಿ ಘಾಟಿಯ 36 ತಿರುವು ಇಳಿಯುವಾಗ ನಾವು ನೆಚ್ಚುವುದು ಸಣ್ಣ ಗೇರಿನ ಎಂಜಿನ್ ಹಿಡಿತವನ್ನು. ಟೂ ವೀಲ್‌ನಲ್ಲಿ ಇಳಿಯುವಾಗ ಹಿಂದಿನ ಶಾಫ್ಟಿನ ಕ್ರಾಸ್ ಮುರಿದರೆ ಎಂಜಿನ್ ಹಿಡಿತವೂ ಹೋಯಿತು, ಹ್ಯಾಂಡ್‌ಬ್ರೇಕೂ ಹೋಯಿತು. ಉಳಿಯುವುದು ಕಾಲಿನ ಬ್ರೇಕ್ ಒಂದೇ. ಬಿಡಿಸಿಕೊಂಡ ಶಾಫ್ಟು ತಿರುಗುತ್ತಾ ಬಡಿದು ಬ್ರೇಕ್ ಪೈಪನ್ನೂ ಹರಿದರೆ ಅದೂ ಇಲ್ಲ. ಸಣ್ಣ ನಡುಕವನ್ನು 'ಹಳೆ ಗಾಡಿ, ಇದೆಲ್ಲ ಇದ್ದದ್ದೇ' ಎಂದು ಬಿಡಬಾರದು ಎನ್ನುವುದು ಇದಕ್ಕೇ.

ಗುರುತು, ಅಡಯಾಳಂ, ಖೂಣ...

ಕನ್ನಡದಲ್ಲಿ ಗುರುತು ಎನ್ನಿ, ತೆಲುಗಿನ ಗುರ್ತು ಎನ್ನಿ, ಮಲಯಾಳದ ಅಡಯಾಳಂ, ತಮಿಳಿನ ಅಡೈಯಾಳಂ, ಮರಾಠಿಯ ಖೂಣ, ಯಾವುದಾದರೂ ಎನ್ನಿ. ಗಡಿಯ ಆಚೆಯ ಮೇಸ್ತ್ರಿಗೆ ಗಾಡಿ ಒಪ್ಪಿಸುವಾಗ ಅವರ ಮಾತಿನಲ್ಲೇ ಇದೊಂದನ್ನು ಹೇಳಿಬಿಡಿ: ಬಿಚ್ಚುವ ಮೊದಲು ಹಾಕಬೇಕು.

ಮೊದಲು ಶಾಫ್ಟಿನ ಮಣ್ಣು, ಹಳೆ ಗ್ರೀಸ್ ಕೆರೆದು ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಲ್ಲಿ ಒರೆಸಿ. ಸ್ಲಿಪ್ ಜಾಯಿಂಟಿನ ಎರಡು ಭಾಗಗಳ ಮೇಲೆ ಎದುರುಬದುರಾಗಿ ಸಣ್ಣ ಬಾಣದ ಗುರುತು ಕೊರೆದಿರುವುದು ಕಾಣಬಹುದು. ಅದು ತಯಾರಕರು ಹಾಕಿದ ಗುರುತು. ಬಾಣಕ್ಕೆ ಬಾಣ ಕೂಡಬೇಕು. ಕಾಣದಿದ್ದರೆ ನೀವೇ ಬಿಳಿ ಪೇಂಟಿನಿಂದ ಜಾಯಿಂಟ್ ಹಾಯ್ದು ಒಂದು ಗೆರೆ ಎಳೆಯಿರಿ. ಪೇಂಟು ಒರೆಸಿ ಹೋದೀತು ಎಂದಾದರೆ ಎರಡೂ ಕಡೆ ಪಂಚಿನಿಂದ ಒಂದೊಂದು ಚುಕ್ಕಿ ಹೊಡೆಯಿರಿ. ತೆಳ್ಳಗಿನ ಕೊಳವೆಯ ಮೇಲೆ ಮಾತ್ರ ಹೊಡೆಯಬೇಡಿ, ತಗ್ಗು ಬೀಳುತ್ತದೆ.

ಶಾಫ್ಟು ಮತ್ತು ಹೌಸಿಂಗ್ ಯೋಕ್ ನಡುವೆ, ಶಾಫ್ಟು ಮತ್ತು ಟ್ರಾನ್ಸ್‌ಫರ್ ಬಾಕ್ಸ್ ನಡುವೆಯೂ ಒಂದೊಂದು ಗುರುತು ಇರಲಿ. ಯಾವ ತುದಿ ಮುಂದಕ್ಕೆ ಇತ್ತು ಎಂದೂ ಬರೆದಿಡಿ. ಈಗಂತೂ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ನಾಲ್ಕು ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಆದರೆ ಒಂದು ಎಚ್ಚರ. ಈಗ ಹಾಕುವ ಗುರುತು ಈಗ ಇರುವುದನ್ನಷ್ಟೇ ಹೇಳುತ್ತದೆ. ಹಿಂದೆ ಯಾರೋ ತಪ್ಪಾಗಿ ಕೂಡಿಸಿದ್ದರೆ? ಅದಕ್ಕೆ ಶಾಫ್ಟನ್ನು ಕೆಳಗಿಳಿಸಿ ಒಮ್ಮೆ ಪರೀಕ್ಷಿಸಿ. ಕ್ರಾಸ್ ತೆಗೆದ ಮೇಲೆ ಎರಡೂ ತುದಿಯ ಯೋಕಿನ ತೂತುಗಳಲ್ಲಿ ಒಂದೊಂದು ನೇರ ಸರಳು ತೂರಿಸಿ. ಒಂದು ತುದಿಯಲ್ಲಿ ಕೂತು ಬಂದೂಕಿನ ಗುರಿ ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿ. ಎರಡು ಸರಳುಗಳು ಒಂದರ ಹಿಂದೆ ಒಂದು ಮರೆಯಾದರೆ ಯೋಕ್‌ಗಳು ನೇರವಾಗಿವೆ. ಕತ್ತರಿಯಂತೆ ಕಂಡರೆ ಹಲ್ಲು ತಪ್ಪಿದೆ ಎಂದರ್ಥ. ಕೆಲವು ಗಾಡಿಗಳ ಮುಂದಿನ ಶಾಫ್ಟಿನಲ್ಲಿ ಎರಡು ಕಡೆಯ ಓರೆ ಸಮನಿಲ್ಲದ ಕಾರಣ ತಯಾರಕರೇ ಬೇಕೆಂದು ಸ್ವಲ್ಪ ತಿರುಗಿಸಿ ಕೂಡಿಸಿರುತ್ತಾರೆ. ಆದ್ದರಿಂದ ಮೂಲ ಬಾಣದ ಗುರುತು ಸ್ಪಷ್ಟವಾಗಿದ್ದರೆ ನಿಮ್ಮ ಕಣ್ಣಿಗಿಂತ ಅದನ್ನು ನಂಬಿ.

ಕ್ರಾಸ್ ಕೂಡಿಸುವ ಬಗೆ

ಯು-ಬೋಲ್ಟ್ ಬಿಚ್ಚಿದ ಕೂಡಲೇ ಬಟ್ಟಲುಗಳು ಉದುರಿ ಸೂಜಿ ರೋಲರ್ ಚೆಲ್ಲುತ್ತವೆ. ಹಳೆ ಕ್ರಾಸನ್ನೇ ಮತ್ತೆ ಹಾಕುವುದಾದರೆ ಎರಡು ಬಟ್ಟಲಿಗೂ ಸುತ್ತಿ ಟೇಪ್ ಅಂಟಿಸಿ. ಶಾಫ್ಟನ್ನು ಒಂದೇ ತುದಿಯಲ್ಲಿ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಿ.

ಹಳೆ ಕ್ರಾಸಿನ ತೋಳಿನ ಮೇಲೆ ಉಗುರು ಆಡಿಸಿ ನೋಡಿ. ಸೂಜಿ ಒತ್ತಿ ಮಾಡಿದ ಗೀರುಗಳು ಉಗುರಿಗೆ ಸಿಕ್ಕಿದರೆ ಅದರ ಆಯಸ್ಸು ಮುಗಿದಂತೆ. ಗ್ರೀಸ್ ಜಾಗದಲ್ಲಿ ಕೆಂಪು ತುಕ್ಕಿನ ಹುಡಿ ಇದ್ದರೂ ಅಷ್ಟೇ.

ಯೋಕಿನಿಂದ ಹಳೆ ಕ್ರಾಸ್ ತೆಗೆಯಲು ಮೊದಲು ಲಾಕ್ ರಿಂಗುಗಳನ್ನು ಪ್ಲೈಯರಿನಲ್ಲಿ ಬಿಡಿಸಿ. ಬಳಿಕ ವೈಸ್‌ಗೆ ಕೊಟ್ಟು, ಒಂದು ಕಡೆ ಬಟ್ಟಲಿಗಿಂತ ಸಣ್ಣ ಸಾಕೆಟ್, ಇನ್ನೊಂದು ಕಡೆ ಬಟ್ಟಲು ಒಳಗಿಳಿಯುವಷ್ಟು ದೊಡ್ಡ ಸಾಕೆಟ್ ಇಟ್ಟು ತಿರುಗಿಸಿ. ಬಟ್ಟಲು ತಾನಾಗಿ ಹೊರಬರುತ್ತದೆ. ಯೋಕಿನ ಕಿವಿಗೆ ದೊಡ್ಡ ಸುತ್ತಿಗೆಯಲ್ಲಿ ಬಡಿದರೆ ಕಿವಿ ಬಾಗುತ್ತದೆ, ಮತ್ತೆ ಎಷ್ಟು ಹೊಸ ಕ್ರಾಸ್ ಹಾಕಿದರೂ ನೇರ ಕೂರುವುದಿಲ್ಲ.

ಹೊಸ ಬಟ್ಟಲನ್ನು ಒತ್ತುವ ಮೊದಲು ಸೂಜಿಗಳೆಲ್ಲ ಗೋಡೆಗೆ ಒರಗಿ ನಿಂತಿವೆಯೇ ನೋಡಿ. ಒಂದಿಷ್ಟು ಗ್ರೀಸ್ ಸವರಿದರೆ ಅಲುಗದೆ ನಿಲ್ಲುತ್ತವೆ. ಬಟ್ಟಲು ಒಳಹೋಗುತ್ತಿರುವಾಗ ಕ್ರಾಸಿನ ತೋಳು ಅದರೊಳಗೆ ಇರುವಂತೆ ಕೈಯಲ್ಲಿ ಹಿಡಿದುಕೊಳ್ಳಿ, ಆಗ ಸೂಜಿ ಬೀಳುವುದಿಲ್ಲ. ಲಾಕ್ ರಿಂಗ್ ಕೂರಲು ಕೂದಲೆಳೆಯಷ್ಟು ಜಾಗ ಸಾಲದೆ ಬಂದರೆ ಒಂದು ಸೂಜಿ ಅಡ್ಡ ಬಿದ್ದಿದೆ ಎಂದೇ ತಿಳಿಯಿರಿ. ಹೊಡೆದು ಕೂರಿಸಬೇಡಿ, ತೆಗೆದು ನೋಡಿ.

ನಾಲ್ಕು ರಿಂಗ್ ಕೂತ ಮೇಲೆ ಕ್ರಾಸನ್ನು ಬೆರಳಲ್ಲಿ ಆಡಿಸಿ. ಎಲ್ಲ ದಿಕ್ಕಿಗೂ ನುಣ್ಣಗೆ ತಿರುಗಬೇಕು. ಬಿಗಿ ಇದ್ದರೆ ಯೋಕಿನ ಕಿವಿಗೆ ಮರದ ಅಥವಾ ಹಿತ್ತಾಳೆಯ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಸಡಿಲವಾಗುತ್ತದೆ. ಗ್ರೀಸ್ ನಿಪ್ಪಲ್ ಗನ್ನಿಗೆ ಸಿಗುವ ಕಡೆಗೆ ಇದೆಯೇ ಎಂದು ಕೂಡಿಸುವ ಮೊದಲೇ ನೋಡಿಕೊಳ್ಳಿ.

ಗಾಡಿಗೆ ಏರಿಸುವಾಗ ಬಾಣಕ್ಕೆ ಬಾಣ, ಗೆರೆಗೆ ಗೆರೆ. ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗ ಸ್ಲಿಪ್ ಜಾಯಿಂಟಿಗೆ ಇನ್ನೂ ಒಂದು ಇಂಚಿನಷ್ಟಾದರೂ ಒಳಹೋಗಲು ಜಾಗವಿರಬೇಕು. ಇಲ್ಲದಿದ್ದರೆ ದೊಡ್ಡ ಗುಂಡಿಯಲ್ಲಿ ಶಾಫ್ಟು ಟ್ರಾನ್ಸ್‌ಫರ್ ಬಾಕ್ಸಿಗೆ ಗುದ್ದುತ್ತದೆ. ಯು-ಬೋಲ್ಟ್ ನಟ್ಟುಗಳನ್ನು ಎರಡೂ ಬದಿ ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಬಿಗಿ ಮಾಡಿ. ಉದ್ದ ಪೈಪ್ ಹಾಕಿ ತೂಗಿ ಬಿಗಿದರೆ ಬಟ್ಟಲು ಚಪ್ಪಟೆಯಾಗಿ ಸೂಜಿಗಳು ಸಿಕ್ಕಿಕೊಳ್ಳುತ್ತವೆ. ಕೊನೆಗೆ ನಾಲ್ಕೂ ಬಟ್ಟಲಿನ ಅಂಚಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಹೊಡೆಯಿರಿ. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದೇ ಮುಂದೆ ಸವೆದು ಹೋಗುವುದು.

ಓರೆ ಅಳೆಯುವುದು ಕಷ್ಟವಲ್ಲ

ಈಗ ಎರಡನೇ ಷರತ್ತಿಗೆ ಬರೋಣ. ಗಾಡಿ ಸಮನೆಲದ ಮೇಲೆ, ಚಕ್ರದ ಮೇಲೇ ನಿಂತಿರಲಿ. ಜಾಕ್ ಮೇಲೆ ನೇತಾಡುವ ಹೌಸಿಂಗ್‌ನ ಅಳತೆ ಲೆಕ್ಕಕ್ಕಿಲ್ಲ. ದಿನವೂ ಜನ ತುಂಬಿ ಓಡುವ ಗಾಡಿಯಾದರೆ ಅಷ್ಟು ಭಾರ ಹೇರಿಯೇ ಅಳೆಯಿರಿ.

ಮೊಬೈಲಿನ ಲೆವೆಲ್ ಆ್ಯಪ್ ಸಾಕು. ಇಲ್ಲದಿದ್ದರೆ ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ ತೂಕದ ಗುಂಡು ಇಳಿಬಿಟ್ಟರೂ ಆದೀತು. ಮೂರು ಕಡೆ ಅಳೆಯಬೇಕು: ಟ್ರಾನ್ಸ್‌ಫರ್ ಬಾಕ್ಸ್‌ನಿಂದ ಹೊರಬರುವ ದಂಡದ ಓರೆ, ಶಾಫ್ಟಿನ ಕೊಳವೆಯ ಓರೆ, ಹೌಸಿಂಗ್‌ನ ಪಿನಿಯನ್ ಓರೆ.

ಒಂದು ಉದಾಹರಣೆ. ಟ್ರಾನ್ಸ್‌ಫರ್ ಬಾಕ್ಸ್‌ನ ದಂಡ ಹಿಂದಕ್ಕೆ 4 ಡಿಗ್ರಿ ಇಳಿಜಾರು. ಕೊಳವೆ ಹಿಂದಕ್ಕೆ 14 ಡಿಗ್ರಿ ಇಳಿಜಾರು. ಹಾಗಾದರೆ ಮುಂದಿನ ಕ್ರಾಸಿನ ಓರೆ 10 ಡಿಗ್ರಿ. ಪಿನಿಯನ್ ಕೂಡ ದಂಡಕ್ಕೆ ಸಮಾನಾಂತರವಾಗಿದ್ದರೆ, ಅಂದರೆ ಅದರ ಮೂತಿ 4 ಡಿಗ್ರಿ ಮೇಲಕ್ಕೆ ನೋಡುತ್ತಿದ್ದರೆ, ಹಿಂದಿನ ಕ್ರಾಸಿನ ಓರೆಯೂ 10 ಡಿಗ್ರಿ. ಲೆಕ್ಕ ಸರಿಹೋಯಿತು.

ಈಗ ಹೊರೆ ಹೆಚ್ಚು ಹೇರಲೆಂದು ಪ್ಲೇಟ್ ಸೇರಿಸಿದಾಗ ಅಥವಾ ಶ್ಯಾಕಲ್ ಉದ್ದ ಮಾಡಿಸಿದಾಗ ಪಿನಿಯನ್ ಮೂತಿ ಇಳಿದು 1 ಡಿಗ್ರಿಗೆ ಬಂತು ಎನ್ನಿ. ಹಿಂದಿನ ಓರೆ 13 ಆಯಿತು. ಮೂರೇ ಡಿಗ್ರಿಯ ವ್ಯತ್ಯಾಸ! ಆದರೆ 10 ಮತ್ತು 13ರ ಜೋಡಿಯಲ್ಲಿ ಅಳಿಯದೆ ಉಳಿಯುವ ಏರಿಳಿತ, 8 ಡಿಗ್ರಿಗಿಂತ ಹೆಚ್ಚು ಓರೆಯಿರುವ ಒಂಟಿ ಕ್ರಾಸಿನಷ್ಟೇ ಇರುತ್ತದೆ. ಆದ್ದರಿಂದ ಎರಡು ಓರೆಗಳ ವ್ಯತ್ಯಾಸ 1 ಡಿಗ್ರಿಯೊಳಗೆ ಇರುವಂತೆ ನೋಡಿಕೊಳ್ಳಿ.

ಸರಿಪಡಿಸುವುದು ಬೆಣೆಯಿಂದ. ಹೌಸಿಂಗ್ ಕೂರುವ ಸೀಟು ಮತ್ತು ಪ್ಲೇಟ್ ಸೆಟ್ಟಿನ ನಡುವೆ ಓರೆಯಾಗಿ ಕಡಿಸಿದ ಉಕ್ಕಿನ ಬೆಣೆ ಕೊಟ್ಟು ಪಿನಿಯನ್ ಮೂತಿಯನ್ನು ಎತ್ತಬಹುದು, ಇಳಿಸಬಹುದು. ಎರಡೂ ಬದಿಗೆ ಒಂದೇ ಅಳತೆಯದ್ದಿರಬೇಕು, ನಡುವಿನ ಸೆಂಟರ್ ಬೋಲ್ಟಿನಲ್ಲಿ ಸಿಕ್ಕಿರಬೇಕು. ತಗಡಿನ ಚೂರು ತುರುಕುವುದು ಬೇಡ. ಸ್ಪ್ರಿಂಗ್ ಬುಷ್ ಸವೆದು, ಎಂಜಿನ್ ಫೌಂಡೇಶನ್ ರಬ್ಬರ್ ಕುಸಿದು ಓರೆ ಕೆಟ್ಟಿರುವುದೂ ಉಂಟು. ಮೊದಲು ಅವನ್ನು ನೋಡಿ, ಬೆಣೆ ಆಮೇಲೆ.

ಓರೆ ಪೂರ್ತಿ ಸೊನ್ನೆ ಇದ್ದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಆಗ ಸೂಜಿಗಳು ಉರುಳುವುದೇ ಇಲ್ಲ, ಒಂದೇ ಜಾಗದಲ್ಲಿ ಒತ್ತಿ ತೋಳಿನಲ್ಲಿ ಗೀರು ಮಾಡುತ್ತವೆ. ಒಂದೆರಡು ಡಿಗ್ರಿಯಾದರೂ ಓರೆ ಬೇಕು. ಹಾಗೆಯೇ ಎರಡೂ ಕಡೆ ಸಮನಿದೆಯೆಂದು ಓರೆ ವಿಪರೀತ ಹೆಚ್ಚಿಸಬಾರದು. ಪಿನಿಯನ್ ಸಮವಾಗಿ ತಿರುಗಿದರೂ ನಡುವಿನ ಕೊಳವೆ ಏರಿಳಿಯುತ್ತಲೇ ಇರುತ್ತದೆ.

ನಡುಕ ಕೇಳಿಸುವ ಕತೆ

ನಡುಕ ಶಾಫ್ಟಿನದ್ದೇ ಎಂದು ಹೇಗೆ ತಿಳಿಯುವುದು? ಖಾಲಿ, ನೇರ, ಸಮತಟ್ಟು ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಒಯ್ದು ಕ್ಲಚ್ ಒತ್ತಿ. ಎಂಜಿನ್ ಸದ್ದು ಇಳಿದರೂ ನಡುಕ ಹಾಗೆಯೇ ಇದ್ದರೆ ಅದು ಎಂಜಿನ್ನಿನದ್ದಲ್ಲ. ಶಾಫ್ಟು, ಚಕ್ರ ಅಥವಾ ಹೌಸಿಂಗ್ ಕಡೆಯದ್ದು. ಇಳಿಜಾರಿನಲ್ಲಿ ಈ ಪರೀಕ್ಷೆ ಮಾಡಬೇಡಿ.

ಕ್ಲಚ್ ಬಿಡುವಾಗ 'ಟಣ್' ಎಂದರೆ ಕ್ರಾಸ್ ಅಥವಾ ಸ್ಲಿಪ್ ಹಲ್ಲು ಸವೆದಿದೆ. ನಿಧಾನ ಹೋಗುವಾಗ ಚಕ್ರದೊಂದಿಗೆ ತಾಳ ಹಾಕಿದಂತೆ 'ಕಿಚ್ ಕಿಚ್' ಎಂದರೆ ಕ್ರಾಸ್ ಒಣಗಿದೆ. ವೇಗ ಏರಿದಂತೆ ಗುಂಯ್‌ಗುಡುವ ಸಣ್ಣ ನಡುಕಕ್ಕೆ ಮೊದಲು ಯೋಕ್ ನೇರ ಮತ್ತು ಓರೆ ನೋಡಿ. ವೇಗದೊಂದಿಗೆ ದೊಡ್ಡದಾಗುತ್ತಾ ಮೈಯೆಲ್ಲ ಅಲುಗಿಸುವ ನಡುಕಕ್ಕೆ ಶಾಫ್ಟಿನ ತೂಕದ ಹೊಂದಾಣಿಕೆ ಕಾರಣವಿರಬಹುದು. ಕೊಳವೆಗೆ ಬೆಸೆದಿರುವ ಸಣ್ಣ ತಗಡಿನ ತುಂಡುಗಳನ್ನು ಕಸವೆಂದು ಕಿತ್ತು ಹಾಕಬೇಡಿ, ಅವು ಆ ಹೊಂದಾಣಿಕೆಗಾಗಿಯೇ ಇರುವ ತೂಕ. ಒಣಗಿದ ಕೆಸರಿನ ಹೆಂಟೆಯೂ ಹೊಂದಾಣಿಕೆ ಕೆಡಿಸುತ್ತದೆ. ಕೊಳವೆಗೆ ತಗ್ಗು ಬಿದ್ದಿದ್ದರೆ ಅಥವಾ ಬಾಗಿದ್ದರೆ ಪೇಟೆಯಲ್ಲಿ ಶಾಫ್ಟ್ ಬ್ಯಾಲೆನ್ಸಿಂಗ್ ಯಂತ್ರ ಇರುವವರಲ್ಲಿಗೇ ಒಯ್ಯಬೇಕು.

ಅಂಬಾಸಿಡರ್ ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. 2014ರಲ್ಲಿ ತಯಾರಿಕೆ ನಿಂತ ಆ ಕಾರೂ ಹಿಂದಿನ ಚಕ್ರಕ್ಕೆ ಶಾಫ್ಟಿನಿಂದಲೇ ಬಲ ಕೊಡುವಂಥದ್ದು. ಕೂಡಿಸುವ ವಿವರ ಬೇರೆ ಇರಬಹುದು, ಯೋಕ್ ನೇರ ಮತ್ತು ಓರೆ ಸಮ ಎಂಬ ಎರಡು ಷರತ್ತು ಅದೇ.

ಗ್ಯಾರೇಜಿನಿಂದ ಹೊರಡುವ ಮುನ್ನ

ಗಾಡಿಯಡಿಗೆ ಬಗ್ಗಿ ನಾಲ್ಕು ಸಂಗತಿ ನೋಡಿ. ಬಾಣಕ್ಕೆ ಬಾಣ ಕೂಡಿದೆಯೇ? ಲಾಕ್ ರಿಂಗ್ ನಾಲ್ಕೂ ತನ್ನ ಗಾಡಿಯಲ್ಲಿ ಕೂತಿವೆಯೇ? ಶಾಫ್ಟನ್ನು ಕೈಯಲ್ಲಿ ಮೇಲೆ ಕೆಳಗೆ ಅಲುಗಿಸಿದರೆ ಕ್ರಾಸಿನಲ್ಲಿ ಸಡಿಲ ಇದೆಯೇ? ಎಲ್ಲ ಬಟ್ಟಲಿನಿಂದಲೂ ಗ್ರೀಸ್ ಇಣುಕಿದೆಯೇ? ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳ ಬಿಗಿ ಇನ್ನೊಮ್ಮೆ ನೋಡಿಸಿ. ಮಳೆಗಾಲದಲ್ಲಿ ಹೊಳೆ ದಾಟಿದ ಗಾಡಿಗೆ ಆ ವಾರವೇ ಗ್ರೀಸ್ ಹೊಡೆಸಿ, ನೀರು ಹೊಕ್ಕ ಕ್ರಾಸ್ ಬಹುಕಾಲ ಬಾಳುವುದಿಲ್ಲ.

ಕೇಳಿದರೆ ಮೇಸ್ತ್ರಿ ಬೇಸರ ಮಾಡಿಕೊಂಡಾರು ಎಂಬ ಸಂಕೋಚ ಬೇಡ. ಕೆಲಸ ಬಲ್ಲವರು ಇಂಥ ಪ್ರಶ್ನೆಗೆ ಖುಷಿಯಿಂದಲೇ ತೋರಿಸುತ್ತಾರೆ. ಹಳೆ ಜೀಪಿನ ಬಿಡಿಭಾಗ ಇನ್ನೂ ಸಿಗುತ್ತದೆ, ಘಾಟಿಯ ಅರ್ಧ ದಾರಿಯಲ್ಲಿ ಶಾಫ್ಟು ಕಳಚಿದರೆ ಸಿಗುವ ಸಹಾಯ ಮಾತ್ರ ಕಡಿಮೆ.